ಕೊನೆಯ ತಿರುವಿನ ಪಾನಕ

ಚೆಂದದ ಓಟ ಇದ್ದವರು ಅದನ್ನು ಹೆಚ್ಚು ದಮ್ಮು ಇದ್ದವರಿಗೆ ಬಿಟ್ಟುಕೊಡಬೇಕು ಎಂಬುದು ಕ್ರೀಡಾ ಇಲಾಖೆಯ ನಿಯಮ. ಹೋದ ವರ್ಷ ನನ್ನ ಓಟವನ್ನು ಕಾಲುಗಳಿಂದ ತೆಗೆದು ನಿರುಪಮಾಳಿಗೆ ಹಾಕಿದರು. ಅಂದಿನಿಂದ ನಾನು ಬಸ್ಸು ಹಿಡಿಯಲೂ ಓಡಲಾರೆ. ಅವಳು ಫೈನಲ್‌ನಲ್ಲಿ ಸೋತರೆ ಮಾತ್ರ ಅದು ನನಗೆ ವಾಪಸ್ಸು.

ಇಂದು ಸಂಜೆ ಫೈನಲ್. ಬೆಳಿಗ್ಗೆಯೇ ಅವಳು ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

"ನೀನು ಓಡೋವಾಗ ನಿಮ್ಮಮ್ಮ ಕೊನೇ ತಿರುವಲ್ಲಿ ಪಾನಕ ಹಿಡ್ಕೊಂಡು ನಿಲ್ತಿದ್ರಂತಲ್ಲ? ನಿನ್ ಓಟಕ್ಕೆ ಆ ಅಭ್ಯಾಸ ಇನ್ನೂ ಹೋಗಿಲ್ಲ, ಅಲ್ಲಿಗೆ ಬಂದ್ರೆ ನನ್ ಕೈ ತಾನಾಗೇ ಚಾಚತ್ತೆ ಕಣೇ. ಯಾರೂ ಇಲ್ದಿದ್ರೆ ಹೇಗೋ ಸುಧಾರಿಸ್ಕೋತೀನಿ. ಇವತ್ತು ಆ ಮುದುಕಿ ಅಲ್ಲಿ ಕಾಣಿಸ್ಬಾರ್ದು."

"ಸರಿ ಅಕ್ಕ," ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಮೂಗಿ!" ಎಂದು ನಕ್ಕು ಹೋದಳು.

ಕೊನೆಯ ತಿರುವಿಗೆ ಎಲ್ಲರಿಗಿಂತ ಮುಂದೆ ಬಂದವಳು ಅವಳೇ. ನನ್ನ ಓಟ ಅವಳ ಮೈಮೇಲೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ ಹೊಟ್ಟೆ ಉರಿಯಿತು. ಅಮ್ಮ ಅಲ್ಲಿರಲಿಲ್ಲ, ಹೇಳಿದಂತೆ ಮನೆಯಲ್ಲೇ ಬಿಟ್ಟು ಬಂದಿದ್ದೆ. ಪಾನಕದ ಲೋಟ ಹಿಡಿದು ನಿಂತಿದ್ದವಳು ನಾನು.

ಅವಳ ಕೈ ಚಾಚಿತು, ಕಾಲು ನಿಂತಿತು. ಕಣ್ಣಲ್ಲೇ ನನ್ನನ್ನು ಸುಡುತ್ತಾ ಲೋಟವನ್ನು ಪೂರ್ತಿ ಕುಡಿದಳು. ಅಷ್ಟರಲ್ಲಿ ಇಬ್ಬರು ಅವಳನ್ನು ದಾಟಿ ಹೋಗಿದ್ದರು.

ನಾನು ಬಗ್ಗಿ ಬೂಟಿನ ದಾರ ಬಿಗಿದುಕೊಂಡೆ.