ಪರೀಕ್ಷಾ ವಿಭಾಗದ ಪೋರ್ಟು

ಗಂಡನ ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋದೆ. ಅವರು ನೋಡಿಕೊಳ್ಳುತ್ತಿದ್ದ ಸರ್ವರ್ ಕೋಣೆಯನ್ನು ಹೊಸಬರು ಬರುವವರೆಗೆ, ಅಲ್ಲೇ ಕಂಪ್ಯೂಟರ್ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದ ನನಗೇ ವಹಿಸಿದ್ದರು. ಬಾಗಿಲಲ್ಲಿ ಪರೀಕ್ಷಾ ವಿಭಾಗದ ಶಿವಲೀಲಕ್ಕ ಕಾಯುತ್ತಿದ್ದರು.

“ಮೂರು ಗಂಟೆಗೆ ಫಲಿತಾಂಶ ಬಿಡಬೇಕು ಮೇಡಂ. ಅಂಕಪಟ್ಟಿಗಳು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ತೆವಳ್ತಾ ಇವೆ.”

“ಯಾವಾಗಿಂದ?”

“ವರ್ಷ ಆಯ್ತು. ಕೇಳಿದ್ರೆ ನಿಮ್ಮ ಯಜಮಾನ್ರು, ‘ಅಕ್ಕಾ, ಒಂದು ಟೀ ಕುಡಿದು ಬನ್ನಿ’ ಅನ್ನೋರು. ನನ್ನ ಅಸಿಡಿಟಿಗೆ ಅವರೇ ಕಾರಣ.”

ಎರಡು ವಾರದಲ್ಲಿ ಮೊದಲ ಸಲ ನನಗೆ ನಗು ಬಂತು.

ಎಲ್ಲ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಸೆಟ್ಟಿಂಗ್ ತೆರೆದೆ. ಪ್ರತಿ ವಿಭಾಗಕ್ಕೂ ಅದರೊಳಗೆ ಒಂದೊಂದು ಬೇರೆ ದಾರಿ, ಒಂದೊಂದು ವಿ-ಲ್ಯಾನ್ ಇತ್ತು. ಪರೀಕ್ಷಾ ವಿಭಾಗದ್ದು ಕೇಬಲ್ ಸಿಕ್ಕಿಸುವ ಕಿಂಡಿಗಳಲ್ಲಿ ಹಳೆಯ, ನಿಧಾನದ ಪೋರ್ಟಿಗೆ ಸೇರಿತ್ತು. ಅವರಿಗೆಂದೇ ತರಿಸಿದ್ದ ವೇಗದ ಪೋರ್ಟು ಬೇರೊಂದು ವಿ-ಲ್ಯಾನಿಗೆ ಹೋಗಿತ್ತು. ಪಕ್ಕದಲ್ಲಿ ನನ್ನ ಗಂಡ ಟಿಪ್ಪಣಿ ಹಾಕಿದ್ದರು: ‘ಸದ್ಯಕ್ಕೆ ಎರವಲು.’

ಶಿವಲೀಲಕ್ಕ ಇಣುಕಿದರು. “ಯಾರಿಗೆ ಕೊಟ್ಟಿದ್ರಂತೆ ಪುಣ್ಯಾತ್ಮರು? ಹೇಳಿ, ಅಲ್ಲಿಗೇ ಹೋಗಿ ಬೈದು ಬರ್ತೀನಿ.”

“ಅಷ್ಟು ದೂರ ಯಾಕೆ, ಇಲ್ಲೇ ಬೈಯಿರಿ ಅಕ್ಕಾ,” ಎಂದು, ವರ್ಷದಿಂದ ನನ್ನ ಪಿಎಚ್.ಡಿ. ಕಂಪ್ಯೂಟರಿಗೆ ಹೋಗುತ್ತಿದ್ದ ಪೋರ್ಟನ್ನು ಪರೀಕ್ಷಾ ವಿಭಾಗಕ್ಕೆ ಹಿಂದಿರುಗಿಸಿದೆ.