ಹಾರ್ನ್ ಮಾಮನ ದನಿ

ಗಂಟಲಲ್ಲಿ ಕ್ಯಾನ್ಸರಿನ ಗುರುತೇ ಇಲ್ಲ, ದನಿ ನಿಧಾನಕ್ಕೆ ವಾಪಸು ಬರುತ್ತದೆ, ಆದರೆ ಕಿರುಚುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ಅಪ್ಪ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಒಂದು ಸಾಲು ಬರೆದು ಮೇಜಿನ ಮೇಲೆ ತಳ್ಳಿದರು: ‘ಕಿರುಚುವುದು ಅಂದರೆ ಎಷ್ಟು?’ ಡಾಕ್ಟರು ಓದಿ ನಕ್ಕರು. ಅಪ್ಪನಿಗೆ ಅದು ನಗುವ ವಿಷಯವಾಗಿರಲಿಲ್ಲ.

ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವರು ಅವರು. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ಹಾರ್ನ್ ಮಾಮ ಅನ್ನುತ್ತಿದ್ದರು. ಕಾರಿನ ಹಾರ್ನ್ ಕೆಟ್ಟರೆ ತಿಂಗಳುಗಟ್ಟಲೆ ರಿಪೇರಿಯ ಯೋಚನೆಯನ್ನೇ ಮಾಡದ ಆಸಾಮಿ. ಸ್ವಂತ ಮಗಳೇ ಮೂರನೇ ದಿನದ ಪಾಠದಲ್ಲಿ ಅವರ ಕೂಗಾಟ ತಾಳದೆ, ನಡು ಸಿಗ್ನಲ್ಲಿನಲ್ಲಿ ಬಾಗಿಲು ತೆಗೆದು ಇಳಿದು ಮನೆಗೆ ನಡೆದುಬಿಟ್ಟಿದ್ದಳು. ಆಮೇಲೆ ಹನ್ನೊಂದು ವರ್ಷ ಸ್ಟಿಯರಿಂಗ್ ಮುಟ್ಟಲಿಲ್ಲ. ಅವಳು ಲೈಬ್ರರಿಯಲ್ಲಿ ಕೆಲಸ ಹಿಡಿದದ್ದೂ ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ ಅಂತಲೇ ಎಂದು ಅಮ್ಮ ಹಂಗಿಸುವುದಿತ್ತು.

ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಲು ಏಳು ವಾರ ಆಸ್ಪತ್ರೆಗೆ ಅಲೆಯಬೇಕಾಗಿ ಬಂದಾಗ ಅಪ್ಪ ಮಾತಿಲ್ಲದೆ ಕಾರಿನ ಕೀಲಿಯನ್ನು ಅವಳ ಕೈಗಿಟ್ಟರು. ಅಷ್ಟರಲ್ಲಿ ದನಿ ಹೋಗಿ, ಆಡಲು ಮಾತೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ಒಂದು ಸಲ ಕುಟ್ಟಿದರೆ ಕ್ಲಚ್ಚು, ಎರಡು ಸಲ ಕುಟ್ಟಿದರೆ ಗೇರು. ಬೈಗುಳವನ್ನು ಎಷ್ಟು ಸಲ ಕುಟ್ಟಬೇಕೆಂದು ಅವರಿಗೂ ತಿಳಿಯದೆ ಸುಮ್ಮನಾದರು. ಹದಿನೈದೇ ದಿನದಲ್ಲಿ ಮಗಳಿಗೆ ಕಾರು ಓಡಿಸಲು ಬಂತು. ಒಮ್ಮೆ ಏರಿನಲ್ಲಿ ಗಾಡಿ ಆಫ್ ಆದಾಗ ಅವರು ನೋಟ್‌ಬುಕ್ಕಿನಲ್ಲಿ ‘ಪರವಾಗಿಲ್ಲ’ ಎಂದು ಬರೆದು ತೋರಿಸಿದ್ದರು. ಹುಟ್ಟಿದಾಗಿನಿಂದ ಅವಳು ಅವರ ಬಾಯಲ್ಲಿ ಕೇಳದ ಮಾತು ಅದು. ಅಪ್ಪ ಹೀಗೇ ಇದ್ದುಬಿಟ್ಟರೆ ಎಷ್ಟು ಚೆನ್ನ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಆ ದಿನವಿಡೀ ಊಟ ಸೇರಲಿಲ್ಲ.

ಇವತ್ತು ಆಸ್ಪತ್ರೆಯ ಗೇಟು ದಾಟಿದ ಮೇಲೆ ಅವಳ ಕಣ್ಣು ತುಂಬಿ ತುಂಬಿ ಬರುತ್ತಿತ್ತು. ಒಂದು ಕೈಯಲ್ಲಿ ಒರೆಸಿಕೊಳ್ಳುತ್ತ ತಿರುವಿಗೆ ಬಂದಳೋ ಇಲ್ಲವೋ, ನೀರಿನ ಟ್ಯಾಂಕರೊಂದು ಗಲ್ಲಿಯಿಂದ ರಿವರ್ಸಿನಲ್ಲಿ ಸೀದಾ ರಸ್ತೆಗೆ ನುಗ್ಗಿತು.

“ಬ್ರೇಕ್!”

ಮನುಷ್ಯರ ದನಿಯೋ ಎಣ್ಣೆ ಕಾಣದ ಬಾಗಿಲೋ ಹೇಳುವಂತಿರಲಿಲ್ಲ. ಅವಳ ಕಾಲು ತಾನಾಗಿ ಒತ್ತಿತು. ಟ್ಯಾಂಕರಿಗೂ ಕಾರಿಗೂ ನಡುವೆ ಒಂದು ಗೇಣು ಉಳಿಯಿತು. ಡ್ರೈವಿಂಗ್ ಸ್ಕೂಲಿನ ಕಾರಾದ್ದರಿಂದ ಅಪ್ಪನ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅದನ್ನು ಅವರು ಮುಟ್ಟಿಯೇ ಇರಲಿಲ್ಲ. ಆರು ತಿಂಗಳ ಮೇಲೆ ದನಿ ವಾಪಸು ಸಿಕ್ಕವರಿಗೆ ಕಾಲಿನ ನೆನಪು ಎಲ್ಲಿಂದ ಬರಬೇಕು? ಮಗಳ ಮುಖವನ್ನೂ ನೋಡದೆ ಬಾಗಿಲು ತೆಗೆದು, ಟ್ಯಾಂಕರಿನತ್ತ ಹೊರಟೇಬಿಟ್ಟರು.

ಅಪ್ಪ ಏನೋ ಬೈದರು. ಟ್ಯಾಂಕರಿನವನು ಕಿವಿಗೆ ಕೈ ಹಚ್ಚಿ, “ಏನ್ ಸಾರ್? ಕೇಳಿಸ್ಲಿಲ್ಲ,” ಎಂದ. ಅಪ್ಪ ಬಹಳ ಸಂತೋಷದಿಂದ ಇನ್ನೊಮ್ಮೆ ಬೈದರು. ಅದೂ ಕೇಳಿಸಲಿಲ್ಲ. ಪಾಪ, ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದು, ತನಗೆ ಬೀಳುತ್ತಿರುವ ಬೈಗುಳ ಸರಿಯಾಗಿ ಕೇಳಲೆಂದು ಹತ್ತಿರ ಬಂದು ತಲೆ ಬಗ್ಗಿಸಿ ನಿಂತ. ಮೂರನೆಯ ಸಲಕ್ಕೆ ದನಿ ಹತ್ತಿಕೊಂಡಿತು.

“ಕನ್ನಡಿ ಇರೋದು ಮೀಸೆ ತಿದ್ಕೊಳ್ಳೋಕೇನಯ್ಯಾ?”

ಹಿಂದೆ ಸಾಲುಗಟ್ಟಿದ್ದ ಗಾಡಿಗಳವರು ಹಾರ್ನ್ ಹೊಡೆಯುವುದನ್ನು ಬಿಟ್ಟು ಕತ್ತು ಚಾಚಿ ನೋಡತೊಡಗಿದರು. ಡಾಕ್ಟರ ಮಾತು ನೆನಪಾಗಿ ಮಗಳು ಇಳಿದು ಓಡಿದಳು. ಅಪ್ಪನ ತೋಳು ಹಿಡಿಯಬೇಕು ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಮ್ಮ. ಬೆಳಗ್ಗೆಯಿಂದ ಫೋನಿನ ಪಕ್ಕದಲ್ಲೇ ಕೂತಿದ್ದವರು, ಡಾಕ್ಟರು ಏನೆಂದರು ಎಂದು ಕೇಳುವ ಧೈರ್ಯ ಸಾಲದೆ, ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು. ಮಗಳು ಉತ್ತರದ ಬದಲು ಫೋನನ್ನೇ ಅಪ್ಪನತ್ತ ಚಾಚಿದಳು. ಅವರು ಆಗ ಟ್ಯಾಂಕರಿನವನನ್ನು ಬಿಟ್ಟು, ಅವನಿಗೆ ಲೈಸೆನ್ಸ್ ಕೊಟ್ಟವರ ಕಣ್ಣುಗಳ ವಿಚಾರಕ್ಕೆ ಬಂದಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಫೋನು ಕಿವಿಗಿಟ್ಟರೆ ಆ ಕಡೆಯಿಂದ ಮೂಗೆಳೆಯುವ ಸದ್ದು.

“ಅಮ್ಮಾ, ಸಾಕು ಅಂತ ಹೇಳ್ಲಾ ಅಪ್ಪಂಗೆ? ಕಿರುಚಬಾರದು ಅಂದಿದಾರೆ ಡಾಕ್ಟ್ರು.”

“ಹೇಳು,” ಅಂದರು ಅಮ್ಮ. “ಒಂದು ನಿಮಿಷ ಬಿಟ್ಟು ಹೇಳು. ಫೋನು ಇನ್ನೊಂಚೂರು ಹತ್ರ ಹಿಡಿ.”