ಒಲೆಗೊಂದು ಗೋಡೆ

“ಇದು ನಾನು,” ಎಂದು ರಂಗನಾಥ್ ನಕ್ಷೆಯ ಮೇಲೆ ಒಂದು ಕಡಲೆಕಾಯಿ ಇಟ್ಟರು. “ಇದು ನಮ್ ದಯಾನಂದ, ಇದು ಶಿವರಾಜ್. ಎದುರಿಗೆ ಟೀವಿ.”

ಗುಬ್ಬಿ ರಸ್ತೆ ಬದಿಯ ಅವರ ತೆಂಗಿನ ತೋಟದಲ್ಲಿ ಈಜುಕೊಳ ಆಗಲೇ ಸಿದ್ಧವಾಗಿತ್ತು. ಅದರ ದಡಕ್ಕೊಂದು ಮಂಟಪದ ನಕ್ಷೆ ಹಾಕಲು ತುಮಕೂರಿನಿಂದ ಆರ್ಕಿಟೆಕ್ಟ್ ಅನನ್ಯ ಬಂದಿದ್ದಳು. ರಂಗನಾಥ್‌ಗೆ ಈಜು ಬಾರದು. ದಡದಲ್ಲಿ ಕೂರುವುದು ಮಾತ್ರ ಬಲು ಚೆನ್ನಾಗಿ ಬರುತ್ತದೆ.

ಕೊನೆಯ ಕಡಲೆಕಾಯಿಯನ್ನು ಅವರು ಮೂಲೆಯ ಒಲೆಯ ಮುಂದಿಟ್ಟರು. “ಇದು ನಮ್ಮನೆಯವ್ರು. ಇಲ್ಲಿಂದ್ಲೇ ಬಿಸಿಬಿಸಿ ಬಜ್ಜಿ ಕೊಡ್ತಾರೆ.”

“ರೋಡ್ ಕಡೆ ಒಂದು ಗೋಡೆ ಬೇಕು ಅಂದಿದ್ನಲ್ಲ?” ಪಕ್ಕದಲ್ಲಿ ನಿಂತಿದ್ದ ಹೆಂಡತಿ ಪ್ರಮೀಳಾ ಮತ್ತೆ ಕೇಳಿದಳು.

ಅವಳಿಗೆ ಈಜಬೇಕಿತ್ತು. ಗೂಳೂರಿನಲ್ಲಿ ಅಪ್ಪನ ತೋಟದ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಸೀರೆ ಉಡುವ ವಯಸ್ಸು ಬಂದದ್ದೇ ತಡ, ಮನೆಯವರು ಇನ್ನು ಸಾಕು ಎಂದಿದ್ದರು. ಕೊಳಕ್ಕೆ ನೀರು ಬಿಟ್ಟಾಗಿನಿಂದ ಅವಳ ಕೈಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಆದರೆ ಬಸ್ಸಿನವರೆಲ್ಲ ಕತ್ತು ಹೊರಳಿಸಿ ನೋಡುವ ಜಾಗದಲ್ಲಿ, ಐವತ್ತು ದಾಟಿದ ಹೆಂಗಸು ನೀರಿಗಿಳಿಯುವುದು ಹೇಗೆ?

“ಗೋಡೆ ಹಾಕಿದ್ರೆ ರೋಡಿಂದ ಪೂಲ್ ಕಾಣಲ್ಲ ಕಣೇ. ಕಾಣ್ದೇ ಇದ್ಮೇಲೆ ಕಟ್ಸಿ ಏನ್ ಬಂತು?”

“ನಾನು ಈಜ್ಬೇಕು ರೀ.”

“ನೀನಾ? ಈ ವಯಸ್ನಲ್ಲಾ? ಸುಮ್ನಿರು, ಮೇಡಂ ನಗ್ತಾರೆ.”

ಮೇಡಂ ನಗಲಿಲ್ಲ. ಪೆನ್ಸಿಲ್ ತುದಿಯಿಂದ ಒಲೆಯನ್ನು ತಟ್ಟಿ ತೋರಿಸಿದಳು. “ಸಾರ್, ರೋಡ್ ಕಡೆಯಿಂದ ಗಾಳಿ ಜೋರು. ಹಿಂಗೇ ಬಿಟ್ರೆ ಒಲೆ ಉರಿ ನಿಲ್ಲಲ್ಲ, ಎಣ್ಣೆ ಕಾಯಲ್ಲ. ಬಜ್ಜಿ ಹಸಿಹಸಿ.”

“ಅಯ್ಯೋ, ಹೌದಾ? ಹಂಗಾದ್ರೆ ಹಾಕಿ ಗೋಡೆ! ಪೂಲ್ ಉದ್ದಕ್ಕೂ ಹಾಕ್ಬಿಡಿ, ಆಳೆತ್ತರ. ಬಜ್ಜಿಗೆ ತೊಂದ್ರೆ ಆಗ್ಬಾರ್ದು.”

ಅನನ್ಯ ದಪ್ಪಗೆ ಗೆರೆ ಎಳೆದು, ಪ್ರಮೀಳಾ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಪ್ರಮೀಳಾಗೆ ಖುಷಿಯಾಯಿತು. ಹಿಂದೆಯೇ ಮೈಯೆಲ್ಲ ಉರಿಯಿತು. ಇಷ್ಟು ದಿನ ಬಾಯಿಬಿಟ್ಟು ಬೇಡಿದ ಹೆಂಡತಿಗೆ ಇಲ್ಲದ ಗೋಡೆ, ಬಾಣಲೆಯ ಎಣ್ಣೆಗೆ ಕಣ್ಣು ಮುಚ್ಚಿ ಬಿಡುವುದರೊಳಗೆ ಸಿಕ್ಕಿತ್ತು.

ಅವಳು ಬಗ್ಗಿ ಒಲೆಯ ಮುಂದಿನ ಕಡಲೆಕಾಯಿಯನ್ನು ಎತ್ತಿಕೊಂಡಳು. ನಕ್ಷೆಯಲ್ಲಿ ಕೊಳದ ನೀಲಿ ಬಣ್ಣದ ನಟ್ಟನಡುವೆ ಇಟ್ಟಳು.

“ಏಯ್, ಒಲೆ ಹತ್ರ ಯಾರೂ ಇಲ್ವಲ್ಲೇ!”

“ಯಾಕಿಲ್ಲ?” ಎಂದ ಪ್ರಮೀಳಾ, ಟೀವಿ ಮುಂದಿದ್ದ ಗಂಡನ ಕಡಲೆಕಾಯಿಯನ್ನು ಒಂದೇ ಬೆರಳಲ್ಲಿ ಒಲೆಯವರೆಗೆ ತಳ್ಳಿದಳು. “ನೀವಿದೀರಲ್ಲ.”